ಕಂಪನಿಯ ಚಾರ್ಜಿಂಗ್ ಜಾಲ ನೋಡಿ ಕಾರು ಕೊಳ್ಳಬೇಕಾ?

ಓದುಗರ ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಜೊತೆಗೆ ನಾಲ್ಕು ಕೋಣೆಯ ಹೋಂಸ್ಟೇ ಇದೆ. ಹಳೇ ಡೀಸೆಲ್ ಕಾರು ಮಾರಿ ಎಲೆಕ್ಟ್ರಿಕ್ ಕಾರು ತಗೊಳ್ಳೋಣ ಅಂತಿದ್ದೇವೆ. ತಿಂಗಳಿಗೊಮ್ಮೆ ಬೆಂಗಳೂರಿಗೆ ಮಗಳ ಮನೆಗೆ ಹೋಗುತ್ತೇವೆ. ಆಗಾಗ ಮಂಗಳೂರಿನ ಆಸ್ಪತ್ರೆಗೂ ಹೋಗಬೇಕು. ಮೈಸೂರಿನಲ್ಲಿ ಎರಡು ಶೋರೂಂ ನೋಡಿದೆವು. ಒಂದು ಕಡೆ, "ನಮ್ಮ ಕಂಪನಿಯ ಚಾರ್ಜರ್ ಸಾವಿರಗಟ್ಟಲೆ ಇದೆ, ಬೇರೆ ಕಾರು ತಗೊಂಡ್ರೆ ದಾರಿಯಲ್ಲಿ ನಿಲ್ತೀರಿ" ಅಂದರು. ವಿರಾಜಪೇಟೆಯ ನನ್ನ ಭಾವನೂ ಅದನ್ನೇ ಹೇಳುತ್ತಾರೆ. ಆದರೆ ನಮಗೆ ಹಿಡಿಸಿದ್ದು ಇನ್ನೊಂದು ಕಂಪನಿಯ ಕಾರು. ಈ ಮಧ್ಯೆ ಒಂದು ಕಾರು ಕಂಪನಿಯ ಕಡೆಯವರು ಬಂದು, ಹೋಂಸ್ಟೇ ಎದುರಿನ ಜಾಗದಲ್ಲಿ ಫಾಸ್ಟ್ ಚಾರ್ಜರ್ ಹಾಕುತ್ತೇವೆ, ಏಳು ವರ್ಷದ ಕರಾರು, ಅಲ್ಲಿವರೆಗೆ ಬೇರೆ ಯಾರ ಚಾರ್ಜರೂ ಹಾಕಿಸಬಾರದು ಅನ್ನುತ್ತಿದ್ದಾರೆ. ಅವರ ಕಾರಿನವರಿಗೆ ಮೊದಲ ಆದ್ಯತೆಯಂತೆ. ಘಾಟಿ ಏರುವಾಗ ಬ್ಯಾಟರಿ ಅರ್ಧ ಖಾಲಿಯಾಗುತ್ತದೆ ಅನ್ನುವ ಭಯ ಬೇರೆ. ಏನು ಮಾಡಲಿ?

ಉತ್ತರ: ಚಾರ್ಜಿಂಗ್ ಸ್ಟೇಷನ್‌ಗೆ ಜಾಗ ನೋಡುವುದು, ಲೋಡ್ ಲೆಕ್ಕ ಹಾಕುವುದು, ಕೆಟ್ಟಾಗ ಹೋಗಿ ನೋಡುವುದು ನನ್ನ ಕೆಲಸ. ನಿಮ್ಮಂಥ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ನಿಮ್ಮ ಆತಂಕ ಸುಮ್ನೆ ಹುಟ್ಟಿದ್ದಲ್ಲ. ರೈಲೇ ಇಲ್ಲದ ಜಿಲ್ಲೆ ಕೊಡಗು. ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬೇಕಾದರೂ ರಸ್ತೆಯೇ ಗತಿ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮಗೆ ಹಿಡಿಸಿದ ಕಾರನ್ನೇ ತಗೊಳ್ಳಿ. ಶೋರೂಂನವರು ಹೇಳಿದ ಚಾರ್ಜರ್ ಸಂಖ್ಯೆ ಕೇಳಿ ಮನಸ್ಸು ಬದಲಾಯಿಸಬೇಡಿ. ಏಳು ವರ್ಷದ ಕರಾರಿಗೆ ಈಗಿರುವ ಹಾಗೇ ಸಹಿ ಹಾಕಬೇಡಿ. ಹಾಗಂತ ಆ ಕಂಪನಿಯವರನ್ನು ಬಾಗಿಲಲ್ಲೇ ವಾಪಸ್ ಕಳಿಸಲೂ ಬೇಡಿ. ನಾಪೋಕ್ಲುವಿನಂಥ ಕಡೆ ಫಾಸ್ಟ್ ಚಾರ್ಜರ್ ಹಾಕಲು ಮುಂದೆ ಬರುವವರು ಬಹುಮಟ್ಟಿಗೆ ಕಾರು ಮಾರುವವರೇ. ಅದು ಯಾಕೆ ಅಂತ ಗೊತ್ತಾದರೆ ಅವರ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಗನ್ ಹೊಂದುತ್ತದೆ, ಆದರೆ ಕರೆಂಟ್ ಕೊಡ್ತಾರಾ?

ನಿಮ್ಮ ಭಾವ ಹೇಳುವುದರಲ್ಲಿ ಎರಡು ಮಾತು ಕಲೆತುಹೋಗಿವೆ. ಒಂದು, ಬೇರೆ ಕಂಪನಿಯ ಚಾರ್ಜರ್ ನಮ್ಮ ಕಾರಿಗೆ ಕೂರುತ್ತದಾ ಅನ್ನುವುದು. ಇನ್ನೊಂದು, ಕೂತರೂ ಆ ಚಾರ್ಜರ್ ನಮಗೆ ಕರೆಂಟ್ ಕೊಡುತ್ತದಾ ಅನ್ನುವುದು.

ಮೊದಲನೆಯದಕ್ಕೆ ಚಿಂತೆ ಬೇಡ. ಭಾರತದಲ್ಲಿ ಈಗ ಶೋರೂಂನಿಂದ ಹೊರಬರುವ, ಫಾಸ್ಟ್ ಚಾರ್ಜಿಂಗ್ ಇರುವ ಕಾರುಗಳೆಲ್ಲ ಹೆಚ್ಚು ಕಡಿಮೆ ಒಂದೇ ಗನ್ (ಚಾರ್ಜರ್ ಕೇಬಲ್‌ನ ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಹಿಡಿ) ಬಳಸುತ್ತವೆ. ಅದರ ಹೆಸರು ಸಿಸಿಎಸ್-2. ಟಾಟಾ, ಮಹೀಂದ್ರಾ, ಎಂಜಿ, ಹ್ಯುಂಡೈ ಎಲ್ಲರದ್ದೂ ಇದೇ. 2025ರ ಜುಲೈಯಲ್ಲಿ ಮುಂಬೈಯಲ್ಲಿ ಅಂಗಡಿ ತೆರೆದ ಟೆಸ್ಲಾ ಕೂಡ ಇಲ್ಲಿ ಇದೇ ಗನ್‌ಗೆ ಒಗ್ಗಿಕೊಂಡಿದೆ. ಕಾರಿನ ಚಾರ್ಜಿಂಗ್ ಮುಚ್ಚಳ ತೆರೆದು ನೋಡಿ. ಮೇಲೆ ಏಳು ಸಣ್ಣ ಪಿನ್‌ಗಳ ದುಂಡು ಭಾಗ, ಅದರ ಕೆಳಗೆ ಪಕ್ಕಪಕ್ಕದಲ್ಲಿ ಎರಡು ದಪ್ಪ ಪಿನ್. ಕೆಳಗಿನ ಎರಡಕ್ಕೆ ಪ್ರತ್ಯೇಕ ಸಣ್ಣ ರಬ್ಬರ್ ಮುಚ್ಚಳ ಇರುವುದೂ ಉಂಟು. ಮೇಲಿನದು ಮನೆಯ ನಿಧಾನ ಚಾರ್ಜಿಂಗ್‌ಗೆ. ಕೆಳಗಿನ ಎರಡೂ ಸೇರಿದರೆ ದಾರಿಯ ಫಾಸ್ಟ್ ಚಾರ್ಜಿಂಗ್‌ಗೆ. ಕೆಳಗಿನ ಎರಡು ಇಲ್ಲ ಅಂದರೆ ಆ ಕಾರು ಊರೊಳಗೆ ಓಡಾಡಲು ಸರಿ, ನಿಮ್ಮ ಬೆಂಗಳೂರು ಪ್ರಯಾಣಕ್ಕೆ ಅಲ್ಲ. ಎಂಜಿ ಕಾಮೆಟ್‌ನಂಥ ಪುಟ್ಟ ಕಾರು 2023ರಲ್ಲಿ ಬಂದಾಗ ಹಾಗೇ ಇತ್ತು.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಇಲ್ಲೇ ಒಂದು ಎಚ್ಚರಿಕೆ. ಸರ್ಕಾರಿ ಇಲಾಖೆಗಳಿಗೆ ಮತ್ತು ಟ್ಯಾಕ್ಸಿಗೆ ಅಂತ ಮೊದಲು ಬಂದ ಮಹೀಂದ್ರಾ ಇ-ವೆರಿಟೊ ಮತ್ತು ಹಳೇ ಟಾಟಾ ಟಿಗೋರ್‌ಗಳಲ್ಲಿ 'ಭಾರತ್ ಡಿಸಿ-001' ಅನ್ನುವ ಬೇರೆ ಗನ್ ಇತ್ತು. ಅದರ ಶಕ್ತಿಯೂ 15 ಕಿಲೋವ್ಯಾಟ್ ಮಾತ್ರ. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಮತ್ತು ಎಂಜಿ ಝಡ್‌ಎಸ್ ಸಿಸಿಎಸ್-2 ಹೊತ್ತು ಬಂದವು. ಅಲ್ಲಿಂದ ಹೊಸ ಸ್ಟೇಷನ್ ಹಾಕುವವರೆಲ್ಲ ಆ ಕಡೆ ತಿರುಗಿದರು. ಹಳೇ ಗನ್‌ನ ಕಾರಿನವರು ನಡುದಾರಿಯಲ್ಲಿ ಉಳಿದರು. ಜಪಾನಿನ ನಿಸ್ಸಾನ್ ಲೀಫ್ ಕೊಂಡವರಿಗೂ ಅಮೆರಿಕ, ಯುರೋಪಿನಲ್ಲಿ ಇದೇ ಗತಿಯಾಯಿತು. 2010ರಲ್ಲಿ ಅದು ಬಂದಾಗ ಶಾಡೆಮೊ ಅನ್ನುವ ಜಪಾನಿ ಗನ್‌ನೊಂದಿಗೆ ಬಂತು. ಆಮೇಲೆ ಬೇರೆ ಗನ್ ಗೆದ್ದಿತು. ಕೊನೆಗೆ ನಿಸ್ಸಾನ್ ತಾನೇ ಆ ದೇಶಗಳಲ್ಲಿ ತನ್ನ ಮುಂದಿನ ಕಾರು ಆರಿಯಾಗೆ ಸಿಸಿಎಸ್ ಹಾಕಿತು. ಕಾರು ಚೆನ್ನಾಗಿದ್ದರೂ ಗನ್ ಸೋತರೆ ಅದರ ಮರುಮಾರಾಟದ ಬೆಲೆ ಬೀಳುತ್ತದೆ. ಅಗ್ಗಕ್ಕೆ ಹಳೇ ಟಿಗೋರ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಮೊದಲು ಮುಚ್ಚಳ ತೆಗೆಸಿ ನೋಡಿ.

ಎರಡನೆಯ ಪ್ರಶ್ನೆ, ಅಂದರೆ ಕರೆಂಟ್ ಕೊಡುತ್ತಾರಾ ಅನ್ನುವುದು, ನಿಜಕ್ಕೂ ಗಮನ ಕೊಡಬೇಕಾದದ್ದು. ಚಾರ್ಜರ್ ಅಂದರೆ ಬರೀ ಗನ್ ಅಲ್ಲ, ಅದರ ಹಿಂದೆ ಸಾಫ್ಟ್‌ವೇರ್ ಇದೆ. ಯಾರಿಗೆ ಕೊಡಬೇಕು, ಯಾರಿಗೆ ಎಷ್ಟು ದರ, ಯಾರು ಮೊದಲು ಅಂತ ಅದು ತೀರ್ಮಾನಿಸುತ್ತದೆ. ಯುರೋಪಿನಲ್ಲಿ ಆದದ್ದು ಇದೇ. ಅಲ್ಲಿ 2019ರಿಂದ ಟೆಸ್ಲಾ ತನ್ನ ಮಾಡೆಲ್ 3 ಕಾರಿಗೆ ಎಲ್ಲರ ಹಾಗೆ ಸಿಸಿಎಸ್-2 ಕೊಟ್ಟಿತು. ಗನ್ ಒಂದೇ ಆಯಿತು. ಆದರೂ ಟೆಸ್ಲಾದ ಸ್ಟೇಷನ್‌ಗಳಲ್ಲಿ ಬೇರೆ ಕಾರಿಗೆ ಕರೆಂಟ್ ಸಿಗಲಿಲ್ಲ. 2021ರ ನವೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಹತ್ತು ಸ್ಟೇಷನ್‌ಗಳಲ್ಲಿ ಪ್ರಯೋಗಕ್ಕೆ ಅಂತ ತೆರೆಯುವವರೆಗೂ ಬಾಗಿಲು ಮುಚ್ಚಿಯೇ ಇತ್ತು.

ಭಾರತದಲ್ಲಿ ದಾರಿಬದಿಯ ಸಾರ್ವಜನಿಕ ಚಾರ್ಜರ್‌ಗಳು ಸಾಮಾನ್ಯವಾಗಿ ಎಲ್ಲ ಕಾರಿಗೂ ಕೊಡುತ್ತವೆ. ಆ್ಯಪ್ ಹಾಕಿಕೊಳ್ಳಬೇಕು, ಹಣ ತುಂಬಬೇಕು, ಅಷ್ಟೇ. ಕಿರಿಕಿರಿ ಇರುವುದು ಶೋರೂಂ ಕಾಂಪೌಂಡಿನೊಳಗಿನ ಚಾರ್ಜರ್‌ಗಳಲ್ಲಿ. ಬೇರೆ ಕಂಪನಿಯ ಕಾರು ಕಂಡೊಡನೆ ಗೇಟಿನಲ್ಲಿರುವ ಸೆಕ್ಯುರಿಟಿ ಕೈ ಅಲ್ಲಾಡಿಸುವುದನ್ನು ನಾನು ನೋಡಿದ್ದೇನೆ. ರಾತ್ರಿ ಎಂಟಕ್ಕೆ ಗೇಟಿಗೆ ಬೀಗ ಬಿದ್ದಿರುವುದನ್ನೂ ನೋಡಿದ್ದೇನೆ. ಶೋರೂಂನವರು ಹೇಳುವ 'ಸಾವಿರಗಟ್ಟಲೆ'ಯಲ್ಲಿ ಇವೂ ಸೇರಿರುತ್ತವೆ. ಜೊತೆಗೆ ಬೇರೆ ಆಪರೇಟರ್‌ಗಳ ಜೊತೆ ಒಪ್ಪಂದ ಮಾಡಿಕೊಂಡು ತಮ್ಮ ಆ್ಯಪ್‌ನಲ್ಲಿ ತೋರಿಸುವ ಚಾರ್ಜರ್‌ಗಳೂ ಸೇರಿರುತ್ತವೆ. ಒಂದೇ ಚಾರ್ಜರ್ ಮೂರು ಕಂಪನಿಗಳ ಲೆಕ್ಕದಲ್ಲಿ ಬರಬಹುದು. ಸುಳ್ಳು ಅಂತ ಹೇಳಲಾಗದು, ಆದರೆ ಆ ಅಂಕಿಯಿಂದ ಮಂಗಳೂರಿಗೆ ಹೋಗುವ ನಿಮ್ಮ ಸಂಪಾಜೆ ಘಾಟಿ ದಾರಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಕಾರು ಮಾರುವವರಿಗೆ ಚಾರ್ಜರ್ ಯಾಕೆ ಬೇಕು

ಪೆಟ್ರೋಲ್ ಕಾರು ಮಾರುವವರು ಯಾವತ್ತೂ ಬಂಕ್ ಕಟ್ಟಲಿಲ್ಲ. ಬಂಕ್‌ನವರದ್ದು ಬೇರೆ ವ್ಯಾಪಾರ, ಕಾರಿನವರದ್ದು ಬೇರೆ. ಎಲೆಕ್ಟ್ರಿಕ್ ಕಾರಿನಲ್ಲಿ ಮಾತ್ರ ಇವೆರಡೂ ಯಾಕೆ ಕೂಡಿಕೊಂಡವು? ಶುರುವಿನಲ್ಲಿ ಕಾರಿಲ್ಲದೆ ಯಾರೂ ಚಾರ್ಜರ್ ಹಾಕುವುದಿಲ್ಲ, ಚಾರ್ಜರ್ ಇಲ್ಲದೆ ಯಾರೂ ಕಾರು ಕೊಳ್ಳುವುದಿಲ್ಲ. ಈ ಗಂಟು ಬಿಡಿಸಲು ಯಾರಾದರೂ ಒಬ್ಬರು ಮೊದಲು ನಷ್ಟ ಹೊರಬೇಕು.

ಅಮೆರಿಕದಲ್ಲಿ ಟೆಸ್ಲಾ ಹೊತ್ತಿತು. 2012ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರು ಸೂಪರ್‌ಚಾರ್ಜರ್ ಸ್ಟೇಷನ್‌ಗಳನ್ನು ತೋರಿಸಿತು. ತನ್ನದೇ ಗನ್, ತನ್ನ ಕಾರಿಗೆ ಮಾತ್ರ. ಬೇರೆ ಕಂಪನಿಗಳು ಕಾರು ಮಾಡಿ, ಚಾರ್ಜರ್ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟವು. ಫೋಕ್ಸ್‌ವ್ಯಾಗನ್ ಅಲ್ಲಿ ಜಾಲ ಕಟ್ಟಿದ್ದೂ ಡೀಸೆಲ್ ಹೊಗೆ ಪರೀಕ್ಷೆಯ ಮೋಸ ಸಿಕ್ಕಿಬಿದ್ದ ಮೇಲೆ. ರಾಜಿಯ ಷರತ್ತಿನಂತೆ ಹತ್ತು ವರ್ಷದಲ್ಲಿ 200 ಕೋಟಿ ಡಾಲರ್ ಹಾಕಬೇಕಾಗಿ ಬಂತು, ಆಗ ಎಲೆಕ್ಟ್ರಿಫೈ ಅಮೆರಿಕ ಹುಟ್ಟಿತು. ಇಷ್ಟರಲ್ಲಿ ಗಿರಾಕಿಗಳಿಗೆ ಒಂದು ವಿಷಯ ಮನವರಿಕೆಯಾಗಿತ್ತು. ದೂರ ಹೋಗಬೇಕಾದರೆ ಟೆಸ್ಲಾನೇ ಸರಿ. ಕಾರಿನ ಸೀಟು, ಬಣ್ಣ, ಬೆಲೆ ಎಲ್ಲ ಆಮೇಲೆ.

ಆ ಬೇಲಿ ಹತ್ತು ವರ್ಷ ನಿಂತಿತು. 2022ರ ನವೆಂಬರ್‌ನಲ್ಲಿ ಟೆಸ್ಲಾ ತನ್ನ ಗನ್‌ನ ವಿನ್ಯಾಸವನ್ನು ಬೇರೆಯವರೂ ಬಳಸಲಿ ಅಂತ ಹೊರಬಿಟ್ಟಿತು. 2023ರ ಮೇಯಲ್ಲಿ ಫೋರ್ಡ್, ಜೂನ್‌ನಲ್ಲಿ ಜನರಲ್ ಮೋಟರ್ಸ್ ಆ ಗನ್ ಒಪ್ಪಿಕೊಂಡವು. ಉಳಿದವರು ಸಾಲಾಗಿ ಬಂದರು. ಎದುರಾಳಿಗಳೇ ಬಂದು ತನ್ನ ಗನ್ ಹಾಕಿಕೊಳ್ಳುವ ಹಾಗೆ ಆಯಿತು. ಟೆಸ್ಲಾಗೆ ಲಾಭವೂ ಆಯಿತು, ನಷ್ಟವೂ ಆಯಿತು. ಬೇರೆ ಕಾರಿನವರ ದುಡ್ಡು ತನ್ನ ಸ್ಟೇಷನ್‌ಗೆ ಬರತೊಡಗಿತು. ಆದರೆ 'ಚಾರ್ಜರ್‌ಗೋಸ್ಕರ ಟೆಸ್ಲಾ ತಗೊಳ್ಳಿ' ಅನ್ನುವ ಕಾರಣ ಸಡಿಲವಾಯಿತು. ಹೆದ್ದಾರಿ ಚಾರ್ಜರ್‌ಗೆ ಅಮೆರಿಕ ಸರ್ಕಾರ ಕೊಡುವ ಹಣ ಬೇಕಾದರೆ ಎಲ್ಲ ಕಾರಿಗೂ ತೆರೆದಿರಬೇಕು ಅನ್ನುವ ಷರತ್ತು ಬಂದದ್ದೂ ಇದೇ ಹೊತ್ತಿಗೆ.

ಅದೇ ವರ್ಷ ಬಿಎಂಡಬ್ಲ್ಯು, ಜನರಲ್ ಮೋಟರ್ಸ್, ಹೋಂಡಾ, ಹ್ಯುಂಡೈ, ಕಿಯಾ, ಮರ್ಸಿಡಿಸ್, ಸ್ಟೆಲಾಂಟಿಸ್ ಸೇರಿ ಬೇರೆ ಜಾಲ ಕಟ್ಟಲು ಕೈಜೋಡಿಸಿದವು. ಮಾರುಕಟ್ಟೆಯಲ್ಲಿ ಒಬ್ಬರ ಕಾಲು ಒಬ್ಬರು ಎಳೆಯುವವರು ಚಾರ್ಜರ್ ವಿಷಯದಲ್ಲಿ ಒಟ್ಟಾದರು. ಯುರೋಪಿನಲ್ಲಿ ಅಯಾನಿಟಿ ಅನ್ನುವ ಜಾಲ ಹೀಗೇ 2017ರಲ್ಲಿ ಹುಟ್ಟಿತ್ತು.

ಭಾರತದಲ್ಲಿ ಕಥೆ ಬೇರೆ ತಿರುವು ತಗೊಂಡಿತು. ಟಾಟಾ ಮೋಟಾರ್ಸ್‌ಗೆ ಅಣ್ಣತಮ್ಮನ ಹಾಗೆ ಟಾಟಾ ಪವರ್ ಇತ್ತು. ಒಬ್ಬರು ಕಾರು ಮಾರಿದರು, ಇನ್ನೊಬ್ಬರು ಚಾರ್ಜರ್ ಹಾಕಿದರು. ಒಂದು ಕಾಲಕ್ಕೆ ದೇಶದಲ್ಲಿ ಮಾರಾಟವಾಗುವ ಎಲೆಕ್ಟ್ರಿಕ್ ಕಾರುಗಳಲ್ಲಿ 100ಕ್ಕೆ 70ಕ್ಕೂ ಹೆಚ್ಚು ಟಾಟಾದವು. ಕಾರಿನ ಬೆಲೆ ಕೈಗೆಟಕುವಂತಿತ್ತು ಅನ್ನುವುದು ಮುಖ್ಯ ಕಾರಣ. ಆದರೆ 'ದಾರಿಯಲ್ಲಿ ಚಾರ್ಜರ್ ಇದೆ' ಅನ್ನುವ ಧೈರ್ಯವೂ ಅದರಲ್ಲಿ ಸೇರಿತ್ತು. ಆ ಚಾರ್ಜರ್‌ಗಳು ಎಲ್ಲರಿಗೂ ತೆರೆದಿದ್ದವು, ಗನ್ ಒಂದೇ ಆಗಿತ್ತು. ಹಾಗಾಗಿ ಬೇಲಿ ಏಳಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್ ಬಂತು. ಟಾಟಾದಷ್ಟು ದೊಡ್ಡ ಜಾಲ ಬೆನ್ನಿಗಿಲ್ಲದೆಯೂ ಕೆಲವೇ ವಾರಗಳಲ್ಲಿ ದೇಶದಲ್ಲೇ ಹೆಚ್ಚು ಮಾರಾಟವಾಗುವ ಎಲೆಕ್ಟ್ರಿಕ್ ಕಾರಾಯಿತು. ಟಾಟಾ ನೆಟ್ಟ ಮರದ ನೆರಳಿನಲ್ಲಿ ಎಂಜಿ ಕಾರಿನವರೂ ಕೂತರು ಅನ್ನಿ. ನಿಮ್ಮ ಭಾವನಿಗೆ ಉತ್ತರ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಇಲ್ಲಿ ಚಾರ್ಜರ್ ಹಾಕಿದವರಿಗೆ ಮಾತ್ರ ಗೆಲುವು ಅಂತಿದ್ದರೆ ವಿಂಡ್ಸರ್ ಓಡಬಾರದಿತ್ತು ಅಲ್ವಾ?

ಸ್ಕೂಟರ್‌ನಲ್ಲೂ ಹೀಗೇ ಆಯಿತು. ಬೆಂಗಳೂರಿನ ಏಥರ್ ತನ್ನದೇ ಗನ್, ತನ್ನದೇ ಚಾರ್ಜಿಂಗ್ ಜಾಲ ಮಾಡಿತು. ಆಮೇಲೆ ಆ ಗನ್ ವಿನ್ಯಾಸವನ್ನು ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟಿತು. 2023ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದನ್ನೇ ಮಾನದಂಡವಾಗಿ ಒಪ್ಪಿತು. ಹೀರೋದ ವಿಡಾ ಸ್ಕೂಟರ್ ಅದೇ ಗನ್ ಬಳಸುತ್ತದೆ.

ಹಾಗಾದರೆ ಈಗ ಕಂಪನಿಗಳು ಯಾವುದರಲ್ಲಿ ಪೈಪೋಟಿ ಮಾಡುತ್ತಿವೆ? ದರದಲ್ಲಿ, ಆದ್ಯತೆಯಲ್ಲಿ, ವೇಗದಲ್ಲಿ. ತಮ್ಮ ಕಾರಿನವರಿಗೆ ಯೂನಿಟ್‌ಗೆ ಸ್ವಲ್ಪ ಕಡಿಮೆ, ತಮ್ಮ ಕಾರಿನವರಿಗೆ ಮೊದಲು ಬುಕಿಂಗ್. 2024ರ ನವೆಂಬರ್‌ನಲ್ಲಿ ಮಹೀಂದ್ರಾ ತಂದ ಬಿಇ 6, ಎಕ್ಸ್‌ಇವಿ 9ಇ ಕಾರುಗಳ ದೊಡ್ಡ ಬ್ಯಾಟರಿಯ ಮಾದರಿಗಳು 170 ಕಿಲೋವ್ಯಾಟ್‌ಗೂ ಹೆಚ್ಚು ವೇಗದಲ್ಲಿ ಕರೆಂಟ್ ಎಳೆಯಬಲ್ಲವು. ಅಂಥ ಕಾರನ್ನು 30 ಕಿಲೋವ್ಯಾಟ್ ಚಾರ್ಜರ್‌ಗೆ ಸಿಕ್ಕಿಸಿದರೆ ಕೊಟ್ಟ ದುಡ್ಡಿನ ಅರ್ಧ ವ್ಯರ್ಥ. ಹಾಗಾಗಿ ಮಹೀಂದ್ರಾ ತಾನೇ 180 ಕಿಲೋವ್ಯಾಟ್ ಚಾರ್ಜರ್‌ಗಳ ಜಾಲ ಕಟ್ಟಲು ಇಳಿದಿದೆ, ಅದೂ ಎಲ್ಲ ಕಾರಿಗೂ ತೆರೆದದ್ದು. ನಿಮ್ಮ ಆಯ್ಕೆಯ ಕಾರು 50 ಕಿಲೋವ್ಯಾಟ್ ಮಾತ್ರ ಎಳೆಯಬಲ್ಲದು ಅಂದರೆ ಅಂಥ ಚಾರ್ಜರ್‌ನಿಂದ ನಿಮಗೆ ವಿಶೇಷ ಲಾಭವಿಲ್ಲ. ಆ ಅಂಕಿಯನ್ನು ಶೋರೂಂನಲ್ಲಿ ಕೇಳಿ ಬರೆಸಿಕೊಳ್ಳಿ. ಬೋರ್ಡ್‌ನಲ್ಲಿ 60 ಅಂತ ಇದ್ದರೂ ಎರಡು ಗನ್‌ಗೂ ಕಾರು ಸಿಕ್ಕಿಸಿದಾಗ ಬಹಳ ಕಡೆ ಮೂವತ್ತು ಮೂವತ್ತಾಗಿ ಹಂಚಿಹೋಗುತ್ತದೆ ಅನ್ನುವುದೂ ನೆನಪಿರಲಿ.

ಕೊಡಗಿಗೆ ಬಂದರೆ ಲೆಕ್ಕ ಬದಲಾಗುತ್ತದೆ

ಇಷ್ಟು ಹೇಳಿದ ಮೇಲೂ ಕಂಪನಿಯ ಜಾಲಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಇಲ್ಲ, ಕೊಡಗಿನಲ್ಲಿ ಇದೆ.

ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್‌ಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಮುಂದು. ಆದರೆ ಅದರ ಬಹುಪಾಲು ಬೆಂಗಳೂರು ಒಂದರಲ್ಲೇ ಇದೆ. ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಇದು ಅಂದಾಜು, ಯಾರದೇ ಸ್ಟೇಷನ್‌ನ ಖಾತೆಯಲ್ಲ. ನಿಮ್ಮ ಜಾಗದಲ್ಲಿ 60 ಕಿಲೋವ್ಯಾಟ್ ಚಾರ್ಜರ್, ಅದಕ್ಕೆ ಬೇಕಾದ ಟಿಸಿ (ಟ್ರಾನ್ಸ್‌ಫಾರ್ಮರ್), ಕೇಬಲ್, ಶೆಡ್ ಎಲ್ಲ ಸೇರಿ 15 ಲಕ್ಷ ಆಯಿತು ಅಂದುಕೊಳ್ಳಿ. ಶನಿವಾರ ಭಾನುವಾರ ದಿನಕ್ಕೆ 10 ಕಾರು ಬರುತ್ತವೆ, ಉಳಿದ ದಿನ ಒಂದೊಂದು. ಪ್ರತಿ ಕಾರು 20 ಯೂನಿಟ್ ತುಂಬಿಸಿಕೊಳ್ಳುತ್ತದೆ. ತಿಂಗಳಿಗೆ ಸುಮಾರು 2,040 ಯೂನಿಟ್ ಆಯಿತು. ಕರೆಂಟ್ ಬಿಲ್ ಕಳೆದು ಯೂನಿಟ್‌ಗೆ 5 ರೂಪಾಯಿ ಉಳಿದರೆ ತಿಂಗಳಿಗೆ 10,200. ಹಾಕಿದ ದುಡ್ಡು ವಾಪಸ್ ಬರಲು 12 ವರ್ಷ ಬೇಕು. ಇದರಲ್ಲಿ ರಿಪೇರಿ, ಆ್ಯಪ್ ಖರ್ಚು, ನಿಮ್ಮ ಪಾಲು ಯಾವುದೂ ಸೇರಿಲ್ಲ. ಕಾರು ಬಂದರೂ ಬಾರದಿದ್ದರೂ ತಗೊಂಡ ಲೋಡ್‌ಗೆ (ಮಂಜೂರಾದ ಕರೆಂಟ್ ಪ್ರಮಾಣಕ್ಕೆ) ತಿಂಗಳ ನಿಗದಿ ಶುಲ್ಕ ಕಟ್ಟಲೇಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯಲ್ಲಿ ಪ್ರವಾಸಿಗರೂ ಕಡಿಮೆ. ಮಡಿಕೇರಿ ದಸರಾಕ್ಕೆ, ತಲಕಾವೇರಿ ತೀರ್ಥೋದ್ಭವಕ್ಕೆ ಮಾತ್ರ ಸಾಲು ಹಚ್ಚುತ್ತಾರೆ.

ಚಾರ್ಜಿಂಗ್ ಮಾತ್ರ ವ್ಯಾಪಾರ ಮಾಡುವವರು ಈ ಲೆಕ್ಕ ನೋಡಿ ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ನಿಲ್ಲುತ್ತಾರೆ. ನಾಪೋಕ್ಲು, ಪೊನ್ನಂಪೇಟೆ, ಸೋಮವಾರಪೇಟೆ ಕಡೆಯ ಒಳದಾರಿಗಳಿಗೆ ಬರುವುದಿಲ್ಲ. ಕಾರು ಕಂಪನಿಗೆ ಮಾತ್ರ ಲೆಕ್ಕ ಬೇರೆ. ಚಾರ್ಜರ್‌ನಲ್ಲಿ ನಷ್ಟವಾದರೂ ಅದನ್ನು ನೋಡಿ ಧೈರ್ಯ ಬಂದು ವರ್ಷಕ್ಕೆ ಇಷ್ಟು ಜನ ಕಾರು ಕೊಂಡರೆ ಅವರಿಗೆ ಸಾಕು. ಕೊಡಗಿಗೆ ಬರುವ ಪ್ರವಾಸಿಗರೆಲ್ಲ ಬೆಂಗಳೂರು, ಮೈಸೂರು, ಕೇರಳದ ಕಾರಿನವರು. 'ಕೂರ್ಗ್‌ಗೆ ಹೋಗಿಬರಬಹುದು' ಅಂತ ಬೆಂಗಳೂರಿನ ಗಿರಾಕಿಗೆ ಹೇಳುವುದಕ್ಕೋಸ್ಕರ ನಿಮ್ಮ ಹೋಂಸ್ಟೇ ಎದುರಿನ ಜಾಗ ಅವರಿಗೆ ಬೇಕು. ಅವರು ನಿಮಗೆ ಉಪಕಾರ ಮಾಡಲು ಬಂದಿಲ್ಲ, ನಿಮ್ಮ ಜಾಗ ಅವರ ಜಾಹೀರಾತಿನ ಒಂದು ಭಾಗ. ಕರಾರಿಗೆ ಕೂರುವಾಗ ಇದು ತಲೆಯಲ್ಲಿರಲಿ.

ಇದರಲ್ಲೇ ಅಪಾಯವೂ ಇದೆ. ಕಂಪನಿಯ ಆಸೆ ಇರುವವರೆಗೆ ಚಾರ್ಜರ್ ಇರುತ್ತದೆ. ಮುಂದೆ ಅವರ ಕಾರಿನ ಮಾರಾಟ ಬಿದ್ದರೆ, ಇಲ್ಲವೇ ಮುಖ್ಯಸ್ಥರು ಬದಲಾದರೆ, ರಿಪೇರಿಗೆ ಯಾರೂ ಬರುವುದಿಲ್ಲ. ಅಷ್ಟು ದೊಡ್ಡ ಟೆಸ್ಲಾನೇ 2024ರ ಏಪ್ರಿಲ್‌ನಲ್ಲಿ ತನ್ನ ಸೂಪರ್‌ಚಾರ್ಜರ್ ತಂಡವನ್ನು ಒಂದೇ ಏಟಿಗೆ ಮನೆಗೆ ಕಳಿಸಿತ್ತು.

ಚಾರ್ಜರ್ ಇದ್ದೂ ಇಲ್ಲದಂತಾಗುವುದು ನಮ್ಮಲ್ಲಿ ಹೇಗೆ ಅಂತಲೂ ಹೇಳಬೇಕು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುತ್ತದೆ. ಕರೆಂಟ್ ಬಂದಾಗಲೂ ಹತ್ತಿರದ ಮೊಬೈಲ್ ಟವರ್ ಸತ್ತಿರುತ್ತದೆ. ಚಾರ್ಜರ್ ಒಳಗೊಂದು ಸಿಮ್ ಇರುತ್ತದೆ. ಸಿಗ್ನಲ್ ಇಲ್ಲದೆ ಆ್ಯಪ್ ಅದಕ್ಕೆ ಏನೂ ಹೇಳಲಾರದು. ಕರೆಂಟ್ ಇದೆ, ಗನ್ ಇದೆ, ಆದರೂ ಚಾರ್ಜ್ ಆಗುವುದಿಲ್ಲ. ಆ್ಯಪ್ ಬದಲು ಕಾರ್ಡ್ ತೋರಿಸಿ ಶುರು ಮಾಡುವ ಸೌಲಭ್ಯ ಇದ್ದರೆ, ಸಿಗ್ನಲ್ ಇಲ್ಲದಾಗಲೂ ಆ ಕಾರ್ಡ್ ನಡೆಯುವ ಹಾಗೆ ಸೆಟ್ಟಿಂಗ್ ಮಾಡಿದ್ದರೆ, ಅಂಥ ಕಂಪನಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಇನ್ನೊಂದು ಸಣ್ಣ ವಿಷಯ: ಚಾರ್ಜರ್ ಮೈಮೇಲೆ ಕೆಂಪು ಎಮರ್ಜೆನ್ಸಿ ಬಟನ್ ಇರುತ್ತದೆ. ಮಕ್ಕಳು ಒತ್ತಿ ಹೋಗಿರುತ್ತಾರೆ. ಬಂದವರು ಕೆಟ್ಟಿದೆ ಅಂತ ವಾಪಸ್ ಹೋಗುತ್ತಾರೆ. ಬಟನ್ ಒಳಗೆ ಹೋಗಿದ್ದರೆ ಮೊದಲು ಸ್ಕ್ರೀನ್‌ನಲ್ಲಿ ಏನು ಬರೆದಿದೆ ನೋಡಿ, ಸುಟ್ಟ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಸಹಾಯವಾಣಿಗೆ ಹೇಳಿ ತಿರುಗಿಸಿ ಬಿಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಘಾಟಿಯ ಭಯ

ಅರ್ಧ ಬ್ಯಾಟರಿ ಅನ್ನುವುದು ಉತ್ಪ್ರೇಕ್ಷೆ. ಮಂಗಳೂರಿನಿಂದ ಬರುವಾಗ ಸಂಪಾಜೆಯಿಂದ ಮಡಿಕೇರಿಗೆ ಹೆಚ್ಚು ಕಡಿಮೆ ಸಾವಿರ ಮೀಟರ್ ಏರು. ಜನ, ಲಗೇಜ್ ಸೇರಿ 1,800 ಕೆಜಿ ತೂಕದ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವುದು ಸುಮಾರು 5 ಯೂನಿಟ್. ನಷ್ಟ ಸೇರಿ ಐದೂವರೆ ಅನ್ನಿ. 45 ಯೂನಿಟ್ ಬ್ಯಾಟರಿಯಲ್ಲಿ ಅದು 100ಕ್ಕೆ 12 ಭಾಗ. ಇದು ಸಮತಟ್ಟು ರಸ್ತೆಯಲ್ಲಿ ಹೇಗೂ ಆಗುವ ಖರ್ಚಿನ ಮೇಲೆ. ಇಳಿಯುವಾಗ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ. ಆದರೆ ಮಡಿಕೇರಿಯಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಸಂಪಾಜೆ ಕಡೆ ಇಳಿಯಬೇಡಿ. ತುಂಬಿದ ಬ್ಯಾಟರಿ ವಾಪಸ್ ಬರುವ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಾರು ತನ್ನಷ್ಟಕ್ಕೆ ಹಿಡಿದುಕೊಳ್ಳುವುದೂ ಕಡಿಮೆಯಾಗುತ್ತದೆ, ಬ್ರೇಕ್ ಮೇಲೆ ಭಾರ ಬೀಳುತ್ತದೆ. ಚಾರ್ಜಿಂಗ್ ಅನ್ನು 100ಕ್ಕೆ 85-90 ಭಾಗಕ್ಕೆ ನಿಲ್ಲಿಸಿ. ಮೈಸೂರಿನಿಂದ ಮಡಿಕೇರಿಗೆ ಏರು ಸುಮಾರು 400 ಮೀಟರ್, ಎರಡು ಯೂನಿಟ್‌ನ ಮಾತು.

ಕಾರು ಆರಿಸುವಾಗ

ನಿಮ್ಮ ಓಡಾಟದ ಬಹುಪಾಲು ಮನೆಯಿಂದ ಹೊರಟು ಮನೆಗೆ ಬರುವುದು. ಮೂರ್ನಾಡು, ಮಡಿಕೇರಿ, ವಿರಾಜಪೇಟೆ, ಬ್ಯಾಂಕು, ಸಂತೆ. ಅದಕ್ಕೆಲ್ಲ ನಿಮ್ಮ ಮನೆಯ ಗೋಡೆಯೇ ಚಾರ್ಜಿಂಗ್ ಜಾಲ. 16 ಆಂಪ್ ಪ್ಲಗ್‌ನಲ್ಲಿ 3.3 ಕಿಲೋವ್ಯಾಟ್ ಸಿಗುತ್ತದೆ, ರಾತ್ರಿಯಿಡೀ ಇಟ್ಟರೆ ಸುಮಾರು 30 ಯೂನಿಟ್ ತುಂಬುತ್ತದೆ. 7.2 ಕಿಲೋವ್ಯಾಟ್ ಗೋಡೆ ಚಾರ್ಜರ್ ಹಾಕಿದರೆ 45 ಯೂನಿಟ್ ಬ್ಯಾಟರಿ ಆರೇಳು ಗಂಟೆಯಲ್ಲಿ ತುಂಬುತ್ತದೆ. ತೋಟದ ಮನೆಗಳಲ್ಲಿ ತೊಂದರೆ ಕೊಡುವುದು ಅರ್ತಿಂಗ್. ಅರ್ತ್ ಸರಿಯಿಲ್ಲದಿದ್ದರೆ ಕಾರು ಚಾರ್ಜ್ ತಗೊಳ್ಳುವುದೇ ಇಲ್ಲ. ಹಾಗೆ ಮಾಡುವುದೇ ಸರಿ, ಅದನ್ನು ದಾಟಿಸುವ ಉಪಾಯ ಹುಡುಕಬೇಡಿ. ಹೊಸ ಅರ್ತ್ ಪಿಟ್ ಹಾಕಿಸಿ, ಚಾರ್ಜರ್‌ಗೆ ಪ್ರತ್ಯೇಕ ಲೈನ್, ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಇರಲಿ. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ) ಸಮಯದಲ್ಲಿ ಮೋಟಾರ್ ಓಡುತ್ತಿದ್ದರೆ ವೋಲ್ಟೇಜ್ ಬೀಳುತ್ತದೆ. ಆ ದಿನಗಳಲ್ಲಿ ಕಾರನ್ನು ನಡುರಾತ್ರಿಯ ಮೇಲೆ ಚಾರ್ಜ್ ಆಗುವಂತೆ ಟೈಮರ್ ಇಡಿ.

ಉಳಿದದ್ದು ಎರಡು ದಾರಿ, ಬೆಂಗಳೂರು ಮತ್ತು ಮಂಗಳೂರು. ಟೆಸ್ಟ್ ಡ್ರೈವ್ ಕೇಳುವಾಗ ಮೈಸೂರಿನ ರಿಂಗ್ ರೋಡ್ ಸುತ್ತಿ ಬರಬೇಡಿ. ಕಾರನ್ನು ಒಂದು ದಿನಕ್ಕೆ ಕೇಳಿ ಸಂಪಾಜೆ ದಾರಿಯಲ್ಲಿ ಹೋಗಿಬನ್ನಿ. ದಾರಿಯಲ್ಲಿ ಕಾಣುವ ಪ್ರತಿ ಚಾರ್ಜರ್ ಹತ್ತಿರ ನಿಲ್ಲಿಸಿ, ಅದು ಯಾರದ್ದೇ ಇರಲಿ, ಐದು ನಿಮಿಷ ಚಾರ್ಜ್ ಮಾಡಿ ನೋಡಿ. ಎಷ್ಟು ಕಡೆ ಒಂದೇ ಸಲಕ್ಕೆ ಶುರುವಾಯಿತು, ಪಕ್ಕದಲ್ಲಿ ಎರಡನೇ ಚಾರ್ಜರ್ ಇದೆಯಾ, ರಾತ್ರಿ ತೆರೆದಿರುತ್ತದಾ ಅನ್ನುವುದು ಗೊತ್ತಾಗುತ್ತದೆ. ಎರಡು ಬೇರೆ ಬೇರೆ ಕಂಪನಿಯ ಚಾರ್ಜರ್ ಇರುವ ಊರಲ್ಲೇ ನಿಲ್ಲುವ ಅಭ್ಯಾಸ ಮಾಡಿಕೊಳ್ಳಿ. ಒಂದು ಸತ್ತರೆ ಇನ್ನೊಂದು.

ಒಂದು ಸಂದರ್ಭದಲ್ಲಿ ಮಾತ್ರ ಶೋರೂಂನವರ ಮಾತಿಗೆ ತೂಕ ಕೊಡಿ. ನಿಮ್ಮ ಈ ಎರಡು ದಾರಿಯಲ್ಲಿ ಅವರದೇ ಚಾರ್ಜರ್ ಹೆಚ್ಚಿದ್ದು, ತಮ್ಮ ಕಾರಿನವರಿಗೆ ದರದಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ, ವರ್ಷಕ್ಕೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುವವರಿಗೆ ಅದು ಕಾರು ಬದಲಿಸುವಷ್ಟು ದೊಡ್ಡ ಮೊತ್ತ ಆಗುವುದಿಲ್ಲ. ದಿನಾ ಓಡಿಸುವ ಟ್ಯಾಕ್ಸಿಯವರಿಗೆ ಆಗಬಹುದು.

ಏಳು ವರ್ಷದ ಕರಾರು

ಇಲ್ಲಿ ನಿಧಾನ ಮಾಡಿ. 2018ರಲ್ಲೇ ಕೇಂದ್ರದ ವಿದ್ಯುತ್ ಸಚಿವಾಲಯ ಸ್ಪಷ್ಟ ಮಾಡಿದೆ. ಚಾರ್ಜಿಂಗ್ ಅಂದರೆ ಸೇವೆ, ಕರೆಂಟ್ ಮಾರಾಟ ಅಲ್ಲ, ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಅಂದರೆ ಈ ಕಂಪನಿ ಇಲ್ಲದೆಯೂ ನೀವೇ ಚಾರ್ಜರ್ ಹಾಕಿ ದುಡ್ಡು ತಗೊಳ್ಳಬಹುದು. ಆ ಹಕ್ಕನ್ನೇ ಏಳು ವರ್ಷಕ್ಕೆ ಅವರು ಕೇಳುತ್ತಿರುವುದು.

'ಬೇರೆ ಯಾರ ಚಾರ್ಜರೂ ಹಾಕಬಾರದು' ಅನ್ನುವ ಸಾಲನ್ನು ತಿದ್ದಿಸಿ. ಫಾಸ್ಟ್ ಚಾರ್ಜರ್‌ಗೆ ಎರಡು ವರ್ಷ ಅವರೊಬ್ಬರೇ ಅಂತ ಒಪ್ಪಬಹುದು, ಅವರೂ ದುಡ್ಡು ಹಾಕುತ್ತಾರಲ್ವಾ. ಆದರೆ ನಿಮ್ಮ ಅತಿಥಿಗಳಿಗೆ ನೀವು ಹಾಕುವ ನಿಧಾನ ಚಾರ್ಜರ್ ಇದರ ಹೊರಗಿರಬೇಕು. ಎಲ್ಲ ಕಂಪನಿಯ ಕಾರಿಗೂ ಕರೆಂಟ್ ಸಿಗಬೇಕು ಅಂತ ಬರೆಸಿ. ಬಾಯಿಮಾತು ಬೇಡ. ಯುರೋಪಿನ ಕಥೆ ಹೇಳಿದೆನಲ್ಲ, ಗನ್ ಒಂದೇ ಇದ್ದರೂ ಸಾಫ್ಟ್‌ವೇರ್‌ನಲ್ಲಿ ಬಾಗಿಲು ಹಾಕಬಹುದು. ಅವರ ಕಾರಿನವರಿಗೆ ದರದಲ್ಲಿ ರಿಯಾಯಿತಿ ಕೊಡಲಿ, ತೊಂದರೆಯಿಲ್ಲ. ಆದರೆ ಮೊದಲ ಆದ್ಯತೆ ಅಂದರೆ ಚಾರ್ಜ್ ಆಗುತ್ತಿರುವ ಕಾರನ್ನು ಬಿಡಿಸುವುದಾ, ಬರೀ ಬುಕಿಂಗ್‌ನಲ್ಲಿ ಮುಂದಾ? ಇದನ್ನು ಸ್ಪಷ್ಟ ಮಾಡಿಕೊಳ್ಳಿ. ನಿಮ್ಮ ಕೋಣೆಗೆ ದುಡ್ಡು ಕೊಟ್ಟ ಅತಿಥಿಯ ಕಾರು ಅರ್ಧಕ್ಕೆ ನಿಂತರೆ ಜಗಳ ನಡೆಯುವುದು ನಿಮ್ಮ ಅಂಗಳದಲ್ಲಿ.

ಮೀಟರ್ ಅವರ ಹೆಸರಲ್ಲಿರಲಿ. ನಿಮ್ಮ ಹೆಸರಲ್ಲಿದ್ದರೆ ಅವರು ಕೈಬಿಟ್ಟು ಹೋದ ದಿನದಿಂದ ನಿಗದಿ ಶುಲ್ಕ ನಿಮ್ಮ ತಲೆಗೆ ಬರುತ್ತದೆ. ಚಾರ್ಜರ್ ಸತತವಾಗಿ ಇಷ್ಟು ದಿನ ಕೆಟ್ಟಿದ್ದರೆ ಕರಾರು ರದ್ದು ಅನ್ನುವ ಸಾಲು ಬೇಕು. 15 ದಿನ ಅಂತ ಕೇಳಿ. ಮಳೆಗಾಲಕ್ಕೆ 30 ಅಂದರೆ ಒಪ್ಪಿ. ಬಿಟ್ಟು ಹೋಗುವಾಗ ಟಿಸಿ ಮತ್ತು ಕೇಬಲ್ ಯಾರಿಗೆ ಅನ್ನುವುದನ್ನೂ ಬರೆಸಿ. ಮುಂದೆ ಬೇರೆಯವರು ಬಂದರೆ ಅದೇ ನಿಮ್ಮ ದೊಡ್ಡ ಆಸ್ತಿ, ಯಾಕೆಂದರೆ ಹೆಚ್ಚು ಖರ್ಚಾಗುವ ಕೆಲಸಗಳಲ್ಲಿ ಅದೂ ಒಂದು.

ಇದಕ್ಕೆ ಅವರು ಒಪ್ಪದಿದ್ದರೆ ಬಿಡಿ. 7.2 ಕಿಲೋವ್ಯಾಟ್‌ನ ಎರಡು ಚಾರ್ಜರ್ ನೀವೇ ಹಾಕಿಸಿ. ರಾತ್ರಿ ಉಳಿಯುವ ಅತಿಥಿಗೆ ಫಾಸ್ಟ್ ಚಾರ್ಜರ್ ಬೇಕಿಲ್ಲ. ಅವರು ಮಲಗಿದ್ದಾಗ ಕಾರು ತುಂಬುತ್ತದೆ. ಖರ್ಚು 15 ಲಕ್ಷದ ಹತ್ತಿರಕ್ಕೂ ಹೋಗುವುದಿಲ್ಲ, ಅರ್ತಿಂಗ್ ಮತ್ತು ಕೇಬಲ್ ಸೇರಿಸಿದರೂ. ಎರಡೂ ಒಟ್ಟಿಗೆ ಓಡಿದರೆ 14.4 ಕಿಲೋವ್ಯಾಟ್. ಈಗಿನ ಲೋಡ್‌ಗೆ ಅದು ತಡೆಯುವುದಿಲ್ಲ. ಸೆಸ್ಕ್ (ನಿಮ್ಮ ಕಡೆಯ ವಿದ್ಯುತ್ ಕಂಪನಿ) ಕಚೇರಿಗೆ ಹೋಗುವ ಮೊದಲು ನಿಮ್ಮ ಊರಿನ ಲೈನ್‌ಮ್ಯಾನ್ ಹತ್ತಿರ, ನಿಮ್ಮ ಟಿಸಿಯ ಸಾಮರ್ಥ್ಯ ಎಷ್ಟು ಕೆವಿಎ, ಅದರ ಮೇಲೆ ಎಷ್ಟು ಮನೆ, ಎಷ್ಟು ಪಂಪ್‌ಸೆಟ್ ಇವೆ ಅಂತ ಕೇಳಿಕೊಳ್ಳಿ. 25 ಕೆವಿಎ ಟಿಸಿ ಆಗಿದ್ದು ಆಗಲೇ ತುಂಬಿದ್ದರೆ ಸದ್ಯ ಒಂದೇ ಚಾರ್ಜರ್ ಹಾಕಿ. ಎರಡನೆಯದಕ್ಕೆ ಲೋಡ್ ಹೆಚ್ಚಿಸುವ ಅರ್ಜಿಯನ್ನು ಮಳೆ ಶುರುವಾಗುವ ಮೊದಲೇ ಕೊಟ್ಟುಬಿಡಿ.